ಲಾಂಛನ ಮತ್ತು ಕಲೆ

ಸಂಸ್ಕೃತದ ‘ಲಾಂಛನ’ ಶಬ್ದಕ್ಕೆ ಗುರುತು, ಮುದ್ರೆ ಎಂಬ ಅರ್ಥಗಳಿರುವಂತೆಯೇ ಕಲೆ, ಕಳಂಕ ಎಂಬ ಅರ್ಥವೂ ಇದೆ. ಕವಿಗಳು ಚಂದ್ರನನ್ನು ಶಶಲಾಂಛನನೆಂದೂ ಮೃಗಲಾಂಛನನೆಂದೂ ಕರೆದಿದ್ದಾರೆ. ಅವನ ಮೈಮೇಲಿನ ಕಲೆಯೇ ಅವನ ಗುರುತು. ಗೌರವದ ಚಿಹ್ನೆಯನ್ನೂ ಕೊಳೆಯಂತೆ ಕಾಣುವ ಕಲೆಯನ್ನೂ ಒಂದೇ ಶಬ್ದ ಹೇಗೆ ಹೊತ್ತುಕೊಂಡಿತೆಂದು ನಿಘಂಟನ್ನು ತಿರುವುವಾಗ ಹಲವು ಸಲ ಯೋಚಿಸಿದ್ದೇನೆ. ಅದು ಮನಸ್ಸಿಗೆ ಸ್ಪಷ್ಟವಾದದ್ದು ಯಾವ ಗ್ರಂಥದಿಂದಲೂ ಅಲ್ಲ. ತಂದೆಯವರ ಹಳೆಯ ಕಾರಿನ ಸ್ಟಿಯರಿಂಗ್ ನಡುವೆ, ಹಾರ್ನ್ ಗುಂಡಿಯ ಮೇಲೆ ಕುಳಿತಿದ್ದ ಒಂದು ಪ್ಲಾಸ್ಟಿಕ್ ಬಿಲ್ಲೆಯಿಂದ.

ಕಾರು 1968ರ ಫಿಯಟ್ 1100 ಡಿಲೈಟ್. ಅದನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು 1944ರಲ್ಲಿ ಸ್ಥಾಪಿಸಿದವರು ಸೊಲ್ಲಾಪುರ ಮೂಲದ ಉದ್ಯಮಿ ವಾಲಚಂದ್ ಹೀರಾಚಂದ್. ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಆರಂಭಿಸಿದವರೂ ಅವರೇ. ಇಟಲಿಯ ಫಿಯಟ್‌ನ ಪರವಾನಗಿಯ ಮೇಲೆ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಗಾಡಿ, 1970ರ ದಶಕದ ಮೊದಲ ವರ್ಷಗಳಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದಾಯಿತು. 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದಾಯಿತು. ಸಣ್ಣಪುಟ್ಟ ಬದಲಾವಣೆಗಳನ್ನು ಬಿಟ್ಟರೆ ಮೈಕಟ್ಟು ಅದೇ, 1089 ಸಿ.ಸಿ.ಯ ಎಂಜಿನ್ನೂ ಅದೇ.

ತೀರ್ಥಂಕರರ ಬಿಂಬಗಳನ್ನು ನೋಡಿದವರಿಗೆ ಈ ಪರಿಸ್ಥಿತಿ ಹೊಸದೆನಿಸದು. ಭಂಗಿ ಒಂದೇ, ಮುಖದ ಶಾಂತಿ ಒಂದೇ. ಪೀಠದ ಮೇಲಿನ ವೃಷಭವನ್ನೋ ಸಿಂಹವನ್ನೋ ನೋಡಿದ ಮೇಲೆಯೇ ಇವರು ಆದಿನಾಥರು, ಇವರು ಮಹಾವೀರರು ಎಂದು ನಿರ್ಣಯಿಸುತ್ತೇವೆ. ಪೀಠ ಸವೆದು ಲಾಂಛನ ಅಳಿಸಿಹೋದರೆ ಮೂರ್ತಿ ಉಳಿದರೂ ಹೆಸರು ಉಳಿಯುವುದಿಲ್ಲ. ನಮ್ಮ ಕಾರಿನ ಹೆಸರೂ ಅಂಥದೊಂದು ಚಿಹ್ನೆಯನ್ನೇ ನೆಚ್ಚಿತ್ತು.

ತಂದೆಯವರು ತೀರಿಕೊಂಡ ಮೇಲೆ ಗಾಡಿ ಹನ್ನೊಂದು ವರ್ಷ ಶಿವಮೊಗ್ಗದ ಮನೆಯ ತಗಡಿನ ಮಾಡಿನಡಿ ನಿಂತಿತ್ತು. ಸಂಜೆಯ ಬಿಸಿಲು ಮುಂಗಾಜಿನ ಮೂಲಕ ನೇರವಾಗಿ ಸ್ಟಿಯರಿಂಗ್ ಮೇಲೆ ಬೀಳುತ್ತಿತ್ತು. ಬಿಲ್ಲೆಯ ಪಾರದರ್ಶಕ ಪ್ಲಾಸ್ಟಿಕ್ ಹಳದಿಗಟ್ಟಿತ್ತು. ಹಿನ್ನೆಲೆಯ ಕೆಂಪು, ಒಗೆದೊಗೆದು ಮಾಸಿದ ಬಟ್ಟೆಯ ಬಣ್ಣಕ್ಕೆ ಇಳಿದಿತ್ತು. ಬೆಳ್ಳಿಯ ಬಣ್ಣದ ನಾಲ್ಕು ಅಕ್ಷರಗಳು ಬೂದಿಯಾಗಿದ್ದವು. 1899ರಲ್ಲಿ ಟ್ಯೂರಿನ್ ನಗರದಲ್ಲಿ ಹುಟ್ಟಿದ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳು ಅವು.

ಎಂಜಿನ್ ಕೆಲಸ ಮುಗಿಸಿಕೊಟ್ಟ ಹಿರಿಯ ಮೆಕ್ಯಾನಿಕ್ ಇದನ್ನು ನೋಡಿ ನಕ್ಕರು. “ಮೇಷ್ಟ್ರೇ, ಇದಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀರಿ? ಪದ್ಮಿನೀದು ಹೊಸದು ಸಿಗುತ್ತೆ, ಒಂಚೂರು ಉಜ್ಜಿದ್ರೆ ಸರಿಯಾಗಿ ಕೂರುತ್ತೆ. ಗಾಡಿ ಎಲ್ಲಾ ಒಂದೇ ಅಲ್ವಾ?” ಎಂದರು.

“ಗಾಡಿ ಒಂದೇ ಅಣ್ಣಾ, ಹೆಸರು ಬೇರೆ” ಎಂದೆ. ಒಂದು ಪ್ರತಿಯ ಮುಖಪುಟ ಕಳೆದುಹೋಯಿತೆಂದು ಇನ್ನೊಂದರ ಮುಖಪುಟವನ್ನು ಹೊಲಿದರೆ ಮುಂದಿನ ಓದುಗನಿಗೆ ನಾವು ಸುಳ್ಳು ಹೇಳಿದಂತೆ. ವಿದ್ಯಾರ್ಥಿಗಳಿಗೆ ಇದನ್ನು ಹೇಳುತ್ತ ಬಂದವನು ನನ್ನದೇ ಮನೆಯ ವಸ್ತುವಿನಲ್ಲಿ ಮರೆಯುವುದು ಹೇಗೆ?

ಆದರೆ ತತ್ತ್ವ ತಿಳಿದವನಿಗೆ ಕೈಗೆಲಸ ತಿಳಿದಿರಬೇಕೆಂದಿಲ್ಲ. ಬಿಲ್ಲೆಯನ್ನು ಬಿಡಿಸಿ, ಹಿಂಬದಿಯ ಹಳೆಯ ಬಣ್ಣ ಬೇಗ ಬಿಡಲೆಂದು ಹತ್ತಿಯಲ್ಲಿ ತುಸು ಥಿನ್ನರ್ ಅದ್ದಿ ಅಂಚಿಗೆ ಸವರಿದೆ. ಕ್ಷಣಮಾತ್ರದಲ್ಲಿ ಅಲ್ಲಿ ಜೇಡರ ಬಲೆಯಂಥ ಸೂಕ್ಷ್ಮ ಬಿರುಕುಗಳೆದ್ದವು. ಅಚ್ಚಿನಲ್ಲಿ ರೂಪುಗೊಳ್ಳುವಾಗ ಆಕ್ರಿಲಿಕ್ ಪ್ಲಾಸ್ಟಿಕ್ಕಿನೊಳಗೆ ಉಳಿದ ಬಿಗಿತ ಥಿನ್ನರಿನ ಸ್ಪರ್ಶವಾದೊಡನೆ ಹೀಗೆ ಬಿರುಕಾಗಿ ಹೊರಬೀಳುತ್ತದೆ. ಅದನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಐವತ್ತು ವರ್ಷಗಳ ಬಿಸಿಲು ಮಾಡದ ಹಾನಿಯನ್ನು ಅರ್ಧ ನಿಮಿಷದಲ್ಲಿ ನಾನು ಮಾಡಿದ್ದೆ. ಅಂದು ಕೆಲಸ ನಿಲ್ಲಿಸಿದೆ. ಮುಂದಿನ ದಿನಗಳಲ್ಲಿ ಬಳಸಿದ್ದು ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಕುಂಚ, ಸಡಿಲಾದ ಬಣ್ಣವನ್ನೆಬ್ಬಿಸಲು ಮರದ ಹಲ್ಲುಕಡ್ಡಿ, ಇಷ್ಟೇ.

ಮೂಲದ ಕೆಂಪು ಯಾವುದೆಂಬ ಪ್ರಶ್ನೆಗೆ ಬಿಲ್ಲೆಯೇ ಉತ್ತರ ಕೊಟ್ಟಿತು. ಲೋಹದ ಸುತ್ತುಪಟ್ಟಿಯಡಿ ಬಿಸಿಲು ಕಾಣದ ಕೂದಲೆಳೆಯಷ್ಟು ಅಂಚಿನಲ್ಲಿ ಹಳೆಯ ಬಣ್ಣ ಹಾಗೆಯೇ ಉಳಿದಿತ್ತು: ನಾನು ನೆನೆಸಿಕೊಂಡಿದ್ದ ಕಡುಗೆಂಪಲ್ಲ, ದಾಸವಾಳದ ಕೆಂಪು. ನೆನಪಿಗಿಂತ ಅಂಚಿನ ಸಾಕ್ಷ್ಯವೇ ಹೆಚ್ಚೆಂದು ಅದಕ್ಕೆ ಹೊಂದುವ ಬಣ್ಣವನ್ನು ಕಲಸಿದೆ.

ಇಂಥ ಬಿಲ್ಲೆಗೆ ಬಣ್ಣ ಹಚ್ಚುವುದು ಹಿಂಬದಿಯಿಂದ, ಅದೂ ತಿರುವುಮುರುವಾದ ಕ್ರಮದಲ್ಲಿ. ಕೊರೆದ ಅಕ್ಷರಗಳಿಗೆ ಮೊದಲು ಬೆಳ್ಳಿಯ ಬಣ್ಣ ತುಂಬಬೇಕು. ಅದು ಒಂದು ದಿನ ಒಣಗಿದ ಮೇಲೆ ಅದರ ಮೇಲೆಯೇ ಕೆಂಪನ್ನು ತೆಳುವಾಗಿ ಎರಡು ಸಲ ಹರಡಬೇಕು. ಕ್ರಮ ತಪ್ಪಿದರೆ ಕೆಂಪು ಅಕ್ಷರದೊಳಕ್ಕೆ ಇಳಿಯುತ್ತದೆ. ಮೈಸೂರು, ತಂಜಾವೂರುಗಳ ಗಾಜಿನ ಚಿತ್ರಕಾರರ ದಾರಿಯೂ ಇದೇ: ಕಣ್ಣು, ಒಡವೆ ಮೊದಲು, ಹಿನ್ನೆಲೆ ಕೊನೆಗೆ.

ಅಕ್ಷರ ತುಂಬುವಾಗ ನೆನಪಾದದ್ದು ತಾಳೆಯೋಲೆ. ಕಂಠದಿಂದ ಕೊರೆದ ಓಲೆಯ ಬರಹ ಮಾಸಿದಾಗ ಕಾಡಿಗೆ ಸವರಿ ಒರೆಸುತ್ತಾರೆ. ಕಪ್ಪು ಗೆರೆಯೊಳಗೆ ನಿಂತು ಅಕ್ಷರ ಮತ್ತೆ ಕಾಣುತ್ತದೆ. ಗೆರೆ ಇದ್ದಲ್ಲಿ ಮಾತ್ರ ಮಸಿ ನಿಲ್ಲುತ್ತದೆ, ಇಲ್ಲದಲ್ಲಿ ನಿಲ್ಲುವುದಿಲ್ಲ. ಸಂಪಾದಕನಿಗೆ ಇದಕ್ಕಿಂತ ಸರಳವಾದ ನಿಯಮವನ್ನು ನಾನು ಕಂಡಿಲ್ಲ.

ಕೊನೆಗೆ ಉಳಿದದ್ದು ಮುಂಬದಿಯ ಮಬ್ಬು. 2000, 3000 ನಂಬರಿನ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ತಿಕ್ಕಿ, ಪಾಲಿಷ್ ಮಾಡಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ತಿಕ್ಕುತ್ತ ಬಂದಂತೆ ಬಲಗಡೆ, ಕೊನೆಯ ಅಕ್ಷರದ ಮೇಲೆ, ಬೆರಳಿಗೆ ಒಂದು ಸಣ್ಣ ತಗ್ಗು ಸಿಕ್ಕಿತು. ಕಣ್ಣಿಗೆ ಅದು ಬರೀ ಮಸುಕು. ಬಿಲ್ಲೆಯನ್ನು ಗುಂಡಿಯ ಮೇಲಿಟ್ಟು ಸ್ಟಿಯರಿಂಗ್ ಹಿಡಿದಾಗ ನನ್ನ ಬಲಗೈಯ ಹೆಬ್ಬೆರಳು ಅಲ್ಲಿಯೇ ಬಂದು ಕೂತಿತು. ಕೆಲಸದ ನಿಮಿತ್ತ ತಂದೆಯವರು ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿಯುತ್ತಿದ್ದರು. ಪ್ರತಿ ತಿರುವಿಗೂ ಹಾರ್ನ್ ಒತ್ತುವುದು ಅವರ ವ್ರತ. ಹಿಂದಿನ ಸೀಟಿನಲ್ಲಿ ಕುಳಿತ ನಾವು ಮಕ್ಕಳು ಎಣಿಸುತ್ತಿದ್ದೆವು. ಇನ್ನು ನಾಲ್ಕು ಸಲ ತಿಕ್ಕಿದ್ದರೆ ಆ ತಗ್ಗು ಸಮವಾಗುತ್ತಿತ್ತು, ಬಿಲ್ಲೆ ಅಂಗಡಿಯದರಂತೆ ಹೊಳೆಯುತ್ತಿತ್ತು. ಕೈ ತೆಗೆದೆ.

ಹಳದಿ, ಮಬ್ಬು, ಧೂಳು ಕಾಲದ ಕಲೆಗಳು, ಹೋದರೆ ನಷ್ಟವಿಲ್ಲ. ಥಿನ್ನರಿನ ಬಿರುಕು ನನ್ನ ಕಲೆ, ಅಲ್ಲಿಯೇ ಇರಬೇಕು. ಹೆಬ್ಬೆರಳಿನ ತಗ್ಗು ಮಾತ್ರ ಕಲೆಯೂ ಹೌದು, ಲಾಂಛನವೂ ಹೌದು. ಕಾರ್ಖಾನೆ ಕೊಟ್ಟ ನಾಲ್ಕಕ್ಷರ ಆ ವರ್ಷದ ಸಾವಿರಾರು ಗಾಡಿಗಳ ಮೇಲೆ ಇದ್ದಿರಬೇಕು. ಈ ಐದನೆಯ ಗುರುತು ಈ ಒಂದರ ಮೇಲಷ್ಟೇ ಇದೆ.

ಬಿಲ್ಲೆ ಮರಳಿ ಕೂತ ದಿನ ಮೆಕ್ಯಾನಿಕ್ ಬಗ್ಗಿ ನೋಡಿದರು. “ಚೆನ್ನಾಗಿ ಬಂದಿದೆ ಮೇಷ್ಟ್ರೇ. ಈ ಕಡೆ ಸ್ವಲ್ಪ ಉಳಿದುಬಿಟ್ಟಿದೆ ನೋಡಿ” ಎಂದು ಬಲಗಡೆ ತೋರಿಸಿದರು. ಅದು ಹಾಗೆಯೇ ಇರಲಿ ಎಂದೆ. ಯಾವ ಬಣ್ಣ, ಯಾವ ಕ್ರಮ, ಎಲ್ಲಿ ಕೆಡಿಸಿದೆ, ಎಲ್ಲಿ ಬಿಟ್ಟೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಉದುರಿದ ಹಳೆಯ ಬಣ್ಣದ ಚೂರುಗಳನ್ನು ಪೊಟ್ಟಣ ಕಟ್ಟಿ, ಎರಡನ್ನೂ ಗಾಡಿಯ ಕಾಗದಪತ್ರಗಳ ಜೊತೆಗಿಟ್ಟಿದ್ದೇನೆ. ಮುಂದೆ ಈ ಬಿಲ್ಲೆಯನ್ನು ಬಿಡಿಸುವವರು ನನ್ನ ಕೆಲಸವನ್ನು ಮೂಲವೆಂದು ತಿಳಿಯಬಾರದು.