ಲಾರಿಯ ಬೆನ್ನಿನ ಬರಹ

ಲಾರಿಗಳ ಬೆನ್ನಿನ ಸಾಹಿತ್ಯವನ್ನು ಓದಿ ನಗದವರಾರು? ತಾಯಿಯ ಆಶೀರ್ವಾದದಿಂದ ಹಿಡಿದು ಹಾರ್ನಿನ ವಿನಂತಿಯವರೆಗೆ ಎಲ್ಲಕ್ಕೂ ರಸಿಕರುಂಟು. ಟ್ಯಾಂಕರಿನ ಫಲಕದ ನಾಲ್ಕು ಅಂಕಿಗಳಿಗೆ ಮಾತ್ರ ಓದುಗರಿಲ್ಲ. 1203 ಎಂದಿದ್ದರೆ ಒಳಗಿರುವುದು ಪೆಟ್ರೋಲು, 1017 ಕ್ಲೋರಿನ್, 1075 ಅಡಿಗೆಮನೆಯ ಗ್ಯಾಸು. ವಿಶ್ವಸಂಸ್ಥೆ ಗೊತ್ತುಮಾಡಿದ ಈ ಸಂಖ್ಯೆಗಳಿಗೆ ದೇಶ ಯಾವುದಾದರೂ ಅರ್ಥವೊಂದೇ.

ಇಂಥ ವಾಹನ ನಡೆಸುವವನು ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಬಲ್ಲವನಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಸರಕಿನ ಅಪಾಯವನ್ನು ವಿವರಿಸುವ ಲಿಖಿತ ಸೂಚನೆಯೂ ಅವನ ಬಳಿ ಇರತಕ್ಕದ್ದು. ಬಿಸಿಲಿಗೆ ದ್ರವ ಹಿಗ್ಗುವುದರಿಂದ ಗ್ಯಾಸಿನ ತೊಟ್ಟಿಯನ್ನು ಕಂಠಪೂರ್ತಿ ತುಂಬುವಂತಿಲ್ಲ. ಹಾಲು ಕಾಯಿಸುವ ಗೃಹಿಣಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ!

2012ರ ಆಗಸ್ಟ್ 27ರ ರಾತ್ರಿ, ಮಂಗಳೂರಿನಿಂದ ಗ್ಯಾಸು ಹೊತ್ತು ಹೊರಟಿದ್ದ ಟ್ಯಾಂಕರೊಂದು ಕಣ್ಣೂರಿನ ಸಮೀಪದ ಚಾಲದಲ್ಲಿ ರಸ್ತೆಯ ವಿಭಜಕಕ್ಕೆ ತಾಗಿ ಮಗುಚಿತು. ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಚದರದು. ನೆಲ ಹಿಡಿದು, ತಗ್ಗು ಹುಡುಕಿ, ಹೊಸಿಲು ದಾಟುತ್ತದೆ. ಎಲ್ಲೋ ಒಂದು ಕಿಡಿ ಸಾಕು. ಚಾಲದಲ್ಲಿ 20 ಮಂದಿ ಅಸುನೀಗಿದರು. ಅವರಲ್ಲಿ ದಾರಿಬದಿಯ ಮನೆಗಳವರಿದ್ದರು. ಫಲಕವನ್ನು ಓದುವ ಅವಕಾಶವೂ ಅವರಿಗಿರಲಿಲ್ಲ.

ಮಗುಚಿದ ಟ್ಯಾಂಕರನ್ನು ನೋಡಲು ಜನ ಜಾತ್ರೆಗೆ ಬಂದಂತೆ ನೆರೆಯುವುದುಂಟು. ಚಿತ್ರ ತೆಗೆಯುವ ಉತ್ಸಾಹಿಗಳು ಬೇರೆ. ವಾಸನೆ ಬಂದೊಡನೆ ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ನೆಲಕ್ಕೆ ಸರಿಯಬೇಕು. ದೀಪದ ಗುಂಡಿ ಒತ್ತಬಾರದು, ಗಾಡಿ ಚಾಲೂ ಮಾಡಬಾರದು. ದೂರ ಬಂದ ಮೇಲೆ ಅಗ್ನಿಶಾಮಕ ದಳದವರಿಗೆ ಆ ನಾಲ್ಕು ಅಂಕಿ ತಿಳಿಸಿದರೆ ಅವರ ಕೆಲಸ ಅರ್ಧ ಹಗುರ. ಅದೇ ಫಲಕದ ಇನ್ನೊಂದು ಸಂಕೇತವನ್ನು ಅವರು ಬಲ್ಲರು: ಅದರ ಮೊದಲ ಅಂಕಿ 2 ಆದರೆ ಮಂಜಿನಂತೆ ಸಿಂಪಡಿಸುವ ನೀರು, 3 ಆದರೆ ನೊರೆ.