ಅಟ್ಟದ ಮೇಲಿನ ಅಂಕಿಗಳು

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಕೂಡ್ಲಿಗಿಗೆ ಮೊದಲೇ ಕಾನಹೊಸಹಳ್ಳಿ ಸಿಗುತ್ತದೆ. ಹಂಪಿಗೆ ಹೊರಟವರು ಇಲ್ಲಿ ಇಳಿಯುವುದು ಅಪರೂಪ. ಇಳಿದವರು ಅಂಗಡಿಯ ತಕ್ಕಡಿ, ಕ್ಯಾಲ್ಕುಲೇಟರು, ಪೆಟ್ರೋಲ್ ಬಂಕಿನ ಪಂಪುಗಳನ್ನು ನೋಡುತ್ತ ನಡೆಯಬಹುದು. ಎಲ್ಲೆಲ್ಲೂ ಅಂಕಿಗಳೇ. ಈ ಅಂಕಿಗಳ ಹಿರಿಯರು ಮಾತ್ರ ಅಟ್ಟದ ಮೇಲೋ ಗುಜರಿಯವನ ಚೀಲದಲ್ಲೋ ಇರುತ್ತಾರೆ. ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಮುನ್ನ ಒಮ್ಮೆ ನೋಡಬೇಕು.

ಗಾಜಿನ ಬುರುಡೆಯೊಳಗೆ ಸೊನ್ನೆಯಿಂದ ಒಂಬತ್ತರವರೆಗಿನ ತಂತಿಯ ಅಂಕಿಗಳು ಒಂದರ ಹಿಂದೊಂದು ನಿಂತಿದ್ದರೆ ಅದು ನಿಕ್ಸಿ. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂದದ್ದು. ಕಿತ್ತಳೆ ಬಣ್ಣದಲ್ಲಿ ಉರಿಯುವ ಇದಕ್ಕೆ ಸುಮಾರು 170 ವೋಲ್ಟ್ ಬೇಕು. ಆದ್ದರಿಂದ ಮಕ್ಕಳು ನೋಡಬಹುದು, ವಿದ್ಯುತ್ ಕೊಡಕೂಡದು. ಚಪ್ಪಟೆ ಗಾಜಿನೊಳಗೆ ಕೂದಲೆಳೆಯ ತಂತಿಗಳಿದ್ದು ಹಸಿರು-ನೀಲಿ ಬೆಳಕು ಬಂದರೆ ಅದು ಜಪಾನಿನವರು 1960ರ ದಶಕದ ಕೊನೆಗೆ ರೂಪಿಸಿದ ಬಗೆ. ಪುಟ್ಟ ಕೆಂಪು ಅಂಕಿಯ ಮೇಲೆ ಹಿಗ್ಗಿಸಿ ತೋರುವ ಉಬ್ಬು ಇದ್ದರೆ 1970ರ ದಶಕದ ಕ್ಯಾಲ್ಕುಲೇಟರೇ ಇರಬೇಕು.

ಇಸವಿ ಹುಡುಕುವವರು ಮುಗ್ಗರಿಸುವುದು ಬೇರೆ ಕಡೆ. ಬಿಡಿಭಾಗಗಳ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ: 7632 ಎಂದರೆ 1976ನೇ ಇಸವಿಯ 32ನೇ ವಾರ. ಹಾಗಾದರೆ 7447 ಎಂದರೆ 1974ರ ನವೆಂಬರೇ? ಅಲ್ಲ! ಕೆಂಪು ಅಂಕಿ ಬೆಳಗಿಸುವ ಚಿಪ್ಪಿನ ಹೆಸರೇ 7447. ಅದೇ ಚಿಪ್ಪಿನ ಮೇಲೆ ಇನ್ನೊಂದು ಸಾಲು ಇದ್ದೀತು; ತಯಾರಾದ ದಿನ ಅಲ್ಲಿ. ಹಲವು ಚಿಪ್ಪುಗಳಿದ್ದರೆ ಎಲ್ಲಕ್ಕಿಂತ ಈಚಿನ ವಾರವನ್ನೇ ಹಿಡಿಯಬೇಕು. ಯಂತ್ರ ಅದಕ್ಕೂ ಮೊದಲು ಹುಟ್ಟಿರಲಾರದು, ರಿಪೇರಿಯಲ್ಲಿ ಚಿಪ್ಪು ಬದಲಾಗಿಲ್ಲದಿದ್ದರೆ.

ಬೂದು ಗಾಜಿನ ಮೇಲೆ ಕಪ್ಪು ಅಂಕಿ ಮೂಡಿ, ಓರೆಯಾಗಿ ಹಿಡಿದರೆ ಮಾಸಿಹೋಗುವುದು ಎಲ್‌ಸಿಡಿ. ಅದು ತಾನಾಗಿ ಬೆಳಗುವುದಿಲ್ಲ, ಒಳಗಿನ ದ್ರವ ಹರಳು ಬೆಳಕನ್ನು ಬಿಡುತ್ತದೆ ಇಲ್ಲವೇ ತಡೆಯುತ್ತದೆ. ಬ್ಯಾಟರಿ ಬಾಳಿಕೆ ಬಂದದ್ದು ಹೀಗೆ.

ಈ ಮಾಸುವ ಕಾಯಿಲೆಯ ಮದ್ದಿನ ಬೇರು ಇದೇ ಹೆದ್ದಾರಿಯಲ್ಲಿ ತೆಂಕಣಕ್ಕೆ ಸಾಗಿ, ಚಿತ್ರದುರ್ಗ ದಾಟಿದರೆ ಸಿಗುವ ಬೆಂಗಳೂರಿನಲ್ಲಿದೆ. ಕಡ್ಡಿಯಂಥ ಅಣುಗಳು ಮಾತ್ರ ದ್ರವ ಹರಳಾಗುತ್ತವೆಂದು ನಂಬಿದ್ದ ಕಾಲದಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತಟ್ಟೆಯಂಥ ಅಣುಗಳೂ ಆಗುತ್ತವೆಂದು 1977ರಲ್ಲಿ ತೋರಿಸಿದರು. ಅಂಥ ಅಣುಗಳ ತೆಳುಪೊರೆಯನ್ನು 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಎಲ್‌ಸಿಡಿ ಪರದೆಗಳಿಗೆ ಹೊದಿಸಿತು. ಪಕ್ಕದಲ್ಲಿ ಕೂತವರಿಗೂ ಚಿತ್ರ ಕಂಡಿತು.