ಹನ್ನೆರಡಕ್ಕೆ ಮೂರು ದಿನ ಬಾಕಿ

ಕ್ರೂಸ್ ಅಂದ ತಕ್ಷಣ ನಮ್ಮ ಆಫೀಸಿನಲ್ಲಿ ಎಲ್ಲರೂ ಕೇಳೋದು ಮೂರೇ ಪ್ರಶ್ನೆ. ಎಷ್ಟಾಯ್ತು, ವಾಂತಿ ಬಂತಾ, ವೆಜ್ ಸಿಗುತ್ತಾ? ಮಕ್ಕಳಿರುವ ಮನೆಯವರು ಹಡಗು ಆರಿಸುವಾಗ ನೋಡುವುದು ಬೇರೆಯದನ್ನು. ಯಾವ ವಯಸ್ಸಿನವರಿಗೆ ಯಾವ ಕ್ಲಬ್, ಎಷ್ಟು ಗಂಟೆವರೆಗೆ, ಯಾರು ಬಂದು ಕರೆದುಕೊಂಡು ಹೋಗಬೇಕು. ಹ್ಯೂಸ್ಟನ್‌ನಲ್ಲಿರುವ ನನ್ನ ಅಕ್ಕ ಇದಕ್ಕೆಂದೇ ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದಳು. ಅಮ್ಮನನ್ನು ಹಾಸನದಿಂದ ಅವಳ ಮನೆಗೆ ತಲುಪಿಸಲು ಹೋದ ನಾನು ಎರಡು ವಾರ ರಜೆ ಹಾಕಿದ್ದೆ. ಆ ಶೀಟ್ ನೋಡಿದಾಗ ನಗು ಬಂತು. ಐದು ರಾತ್ರಿಯ ಪ್ರವಾಸದಲ್ಲಿ ನಮ್ಮ ಮನೆಯ ಹೆಚ್ಚಿನ ಸಂತೋಷ, ಹೆಚ್ಚಿನ ಜಗಳ ಎರಡೂ ಅದೇ ಶೀಟಿನ ಒಂದು ಕಾಲಮ್‌ನಿಂದ ಬಂದವು.

ಮೊದಲು ಆ ಕಾಲಮ್ ಬಗ್ಗೆ ಹೇಳಿಬಿಡುತ್ತೇನೆ. ದೊಡ್ಡ ಹಡಗುಗಳು ಮಕ್ಕಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡುತ್ತವೆ. 1998ರಲ್ಲಿ ಡಿಸ್ನಿಯವರ ಮೊದಲ ಹಡಗು ಡಿಸ್ನಿ ಮ್ಯಾಜಿಕ್ ಹೊರಟಾಗ ಹೆಚ್ಚುಕಡಿಮೆ ಒಂದು ಇಡೀ ಮಹಡಿಯನ್ನೇ ಮಕ್ಕಳಿಗೆ ಬಿಟ್ಟಿದ್ದರಂತೆ. ಈಗ ಪ್ರತಿ ಕಂಪನಿಗೂ ತನ್ನದೇ ಲೆಕ್ಕ. ರಾಯಲ್ ಕೆರಿಬಿಯನ್‌ನಲ್ಲಿ 12 ತುಂಬಿದರೆ ಟೀನ್. ನಾರ್ವೀಜಿಯನ್‌ನಲ್ಲಿ 13 ತುಂಬಬೇಕು, ಅಂದರೆ ಒಂದೇ ಹುಡುಗ ಒಂದು ಹಡಗಿನಲ್ಲಿ ಟೀನೇಜರ್, ಪಕ್ಕದ ಹಡಗಿನಲ್ಲಿ ಮಗು. ಡಿಸ್ನಿಯಲ್ಲಿ ಒಂದು ಕ್ಲಬ್ 11ರಿಂದ 14, ಇನ್ನೊಂದು 14ರಿಂದ 17. ಹದಿನಾಲ್ಕರವರು ಯಾವುದು ಬೇಕೋ ಅದಕ್ಕೆ ಹೋಗಬಹುದು. ಪ್ರೋಗ್ರಾಮರ್ ಕಣ್ಣಿಗೆ ಇದು ಬಹಳ ಜಾಣ ಕೆಲಸ. ಕೋಡಿನಲ್ಲಿ ಬಗ್ ಇರುವುದು ಯಾವತ್ತೂ ಗಡಿಯಲ್ಲೇ. ಗಡಿಯಲ್ಲಿ ಸ್ವಲ್ಪ ಜಾಗ ಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನಾವು ಹತ್ತಿದ ಹಡಗಿನ ಹೆಸರು ಬೇಡ. ಅಲ್ಲಿ ಗಡಿಯಲ್ಲಿ ಜಾಗ ಬಿಟ್ಟಿರಲಿಲ್ಲ. 12ರಿಂದ 14 ಒಂದು ಕೋಣೆ, 15ರಿಂದ 17 ಇನ್ನೊಂದು. 11 ಅಂದರೆ ಕೆಳಗಿನ ಮಹಡಿಯಲ್ಲಿ ಮಕ್ಕಳ ಕ್ಲಬ್. ಲೆಕ್ಕಕ್ಕೆ ಬರುವುದು ಹಡಗು ಹೊರಡುವ ದಿನದ ವಯಸ್ಸು.

ನಮ್ಮ ತಂಡದಲ್ಲಿ ಏಳು ಜನ. ಅಮ್ಮ, ನಾನು, ಅಕ್ಕ, ಭಾವ, ಅಕ್ಕನ ಹದಿನೈದು ವರ್ಷದ ಮಗಳು, ಅವಳ ತಮ್ಮ, ಮತ್ತು ಡಲ್ಲಾಸ್‌ನಿಂದ ಬಂದ ಭಾವನ ತಮ್ಮನ ಮಗ. ಕೊನೆಯ ಹುಡುಗರಿಬ್ಬರು ಅಂಟಿಕೊಂಡೇ ಬೆಳೆದವರು. ಜೂನಿನಲ್ಲಿ ಹುಟ್ಟಿದವನೊಬ್ಬ, ಅದಕ್ಕೂ ಐದು ತಿಂಗಳು ಮೊದಲು ಜನವರಿಯಲ್ಲಿ ಹುಟ್ಟಿದವನೊಬ್ಬ. ಹಡಗು ಹೊರಟದ್ದು ಜೂನಿನ ಒಂದು ಸೋಮವಾರ. ಅಕ್ಕನ ಮಗನಿಗೆ ಹನ್ನೆರಡು ತುಂಬುವುದು ಗುರುವಾರ.

ಹ್ಯೂಸ್ಟನ್‌ನಿಂದ ಗ್ಯಾಲ್ವೆಸ್ಟನ್ ಬಂದರಿಗೆ ಸುಮಾರು 80 ಕಿಲೋಮೀಟರ್. ಪಾಸ್‌ಪೋರ್ಟ್, ವೀಸಾ ತೋರಿಸುವ ಸಾಲು ಉದ್ದವಿದ್ದರೂ ಬೇಗ ಮುಗಿಯಿತು. (ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ನಮ್ಮ ಪಾಸ್‌ಪೋರ್ಟ್‌ನವರಿಗೆ ಮೆಕ್ಸಿಕೋ ವೀಸಾ ಬೇರೆ ಬೇಡ. ಆದರೆ ವಾಪಸ್ ಒಳಗೆ ಬರಬೇಕಲ್ಲ, ಹಾಗಾಗಿ ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ನೋಡಿಕೊಳ್ಳಿ. ಬೇರೆಯವರ ಮಗುವನ್ನು ಜೊತೆಗೆ ಕರೆದೊಯ್ಯುವುದಾದರೆ ಅಪ್ಪ ಅಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರ ಇರಲಿ.) ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಚಿಕ್ಕವನ ಕೈಗೆ ಒಂದು ಪ್ಲಾಸ್ಟಿಕ್ ಬ್ಯಾಂಡ್ ಸುತ್ತಿದರು. ಅಪಾಯದ ಗಂಟೆ ಹೊಡೆದರೆ ಯಾವ ಜಾಗಕ್ಕೆ ಕರೆದೊಯ್ಯಬೇಕು ಅನ್ನುವ ಗುರುತು ಅದರಲ್ಲಿತ್ತು. ಹನ್ನೆರಡಕ್ಕಿಂತ ಕಮ್ಮಿ ಇದ್ದವರಿಗೆಲ್ಲ ಅದು ಕಡ್ಡಾಯ. ದೊಡ್ಡವನ ಕೈ ಖಾಲಿ. ಚಿಕ್ಕವನು ಆ ಸೆಕೆಯಲ್ಲೂ ಉದ್ದ ತೋಳಿನ ಜಾಕೆಟ್ ಹಾಕಿಕೊಂಡ.

ಮೊದಲ ಸಂಜೆ ಎಲ್ಲ ಕ್ಲಬ್‌ಗಳ ಬಾಗಿಲೂ ತೆರೆದಿರುತ್ತದೆ, ದೊಡ್ಡವರೂ ಒಳಗೆ ಹೋಗಿ ನೋಡಬಹುದು. ಮಾರನೇ ದಿನದಿಂದ ಟೀನ್ ಕ್ಲಬ್ಬಿನೊಳಗೆ ನಮಗೆ ಪ್ರವೇಶವಿಲ್ಲ. ಅಮ್ಮನೂ ಬಂದರು. ಕಪ್ಪು ಗೋಡೆ, ಬಣ್ಣದ ದೀಪ, ಬೀನ್ ಬ್ಯಾಗ್, ವಿಡಿಯೋ ಗೇಮಿನ ದೊಡ್ಡ ಪರದೆಗಳು, ಮೂಲೆಯಲ್ಲಿ ಥೇಟ್ ಬಾರಿನ ಹಾಗೇ ಒಂದು ಕೌಂಟರ್. ಅಮ್ಮ ಅದರ ಮುಂದೆ ನಿಂತುಬಿಟ್ಟರು.

"ಇದೇನೋ ಇದು?"

"ಬರೀ ಜ್ಯೂಸ್ ಅಮ್ಮಾ, ಮಕ್ಕಳಿಗೆ."

"ಜ್ಯೂಸ್ ಕುಡಿಯೋಕೆ ಕತ್ತಲೆ ಯಾಕೆ?"

ಉತ್ತರ ನನ್ನಲ್ಲಿರಲಿಲ್ಲ. ಗೋಡೆಯ ಮೇಲೆ ಆ ದಿನದ ಕಾರ್ಯಕ್ರಮ ಹಾಕಿದ್ದರು. ಎಂಟಕ್ಕೆ ಪರಿಚಯ, ಒಂಬತ್ತಕ್ಕೆ ಕ್ವಿಜ್, ಹತ್ತಕ್ಕೆ ಕ್ಯಾರಿಯೋಕೆ, ಹನ್ನೊಂದಕ್ಕೆ ಹಡಗೆಲ್ಲ ಸುತ್ತಿ ವಸ್ತು ಹುಡುಕುವ ಆಟ. ರಾತ್ರಿ 1 ಗಂಟೆ ನಂತರ ದೊಡ್ಡವರ ಜೊತೆಯಿಲ್ಲದೆ ಮಕ್ಕಳು ಹೊರಗೆ ಓಡಾಡುವಂತಿಲ್ಲ. "ಒಂದು ಗಂಟೆ!" ಅಂದರು ಭಾವ. ಅವರ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಅಕ್ಕನ ಮನೆ ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೆ ಬಂದು ಒಂದು ವರ್ಷ ಆಗಿತ್ತು. ಹೊಸ ಹೈಸ್ಕೂಲಿನಲ್ಲಿ ಮಗಳಿಗೆ ಯಾರೂ ಹೊಂದಿರಲಿಲ್ಲ. ಮಧ್ಯಾಹ್ನದ ಊಟವನ್ನು ಅವಳು ಲೈಬ್ರರಿಯಲ್ಲಿ ಒಬ್ಬಳೇ ಕೂತು ತಿನ್ನುತ್ತಾಳೆ ಅನ್ನುವುದು ಅಕ್ಕನಿಗೆ ಗೊತ್ತಾದದ್ದೇ ಏಪ್ರಿಲ್‌ನಲ್ಲಿ, ಅದೂ ಟೀಚರ್ ಕಡೆಯಿಂದ. ಮನೆಯಲ್ಲೂ ಮಾತು ಕಮ್ಮಿ. ಈ ಪ್ರವಾಸ, ಆ ಎಕ್ಸೆಲ್ ಶೀಟ್, ಎಲ್ಲ ಅದರ ನಂತರ ಬಂದದ್ದು. ಕ್ರೂಸ್ ಬಗ್ಗೆ ತಿಳಿದವರೆಲ್ಲ ಅಕ್ಕನಿಗೆ ಹೇಳಿದ್ದು ಒಂದೇ: ಮೊದಲ ರಾತ್ರಿ ಹೋಗಲೇಬೇಕು, ಎರಡನೇ ದಿನಕ್ಕೆ ಗುಂಪು ಕಟ್ಟಿಬಿಟ್ಟಿರುತ್ತದೆ, ಆಮೇಲೆ ಹೋದವರಿಗೆ ಹೊರಗೇ ಉಳಿದ ಹಾಗೆ.

ಅವಳು ಹೋದಳು. ಹತ್ತು ನಿಮಿಷಕ್ಕೆ ವಾಪಸ್ ಬಂದಳು. "ಅವ್ರೆಲ್ಲ ಆಲ್ರೆಡಿ ಫ್ರೆಂಡ್ಸ್ ಅಮ್ಮಾ" ಅಂದಳು. ಹಡಗು ಬಂದರು ಬಿಟ್ಟು ನಾಲ್ಕು ಗಂಟೆ ಆಗಿತ್ತು ಅಷ್ಟೇ. ಅಕ್ಕ ಏನೂ ಅನ್ನದೆ ಅವಳ ಜೊತೆ ಐಸ್‌ಕ್ರೀಂ ಮಷೀನ್ ತನಕ ನಡೆದಳು, ಇಬ್ಬರೂ ಕೋನ್ ಹಿಡಿದು ಅದೇ ಬಾಗಿಲ ಮುಂದೆಯೇ ಹಾದುಬಂದರು. ಅಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಹೊರಗೆ ಬಂದು, ಕ್ವಿಜ್‌ಗೆ ಅಂಕ ಬರೆಯಲು ಯಾರೂ ಇಲ್ಲ, ಸ್ವಲ್ಪ ಸಹಾಯ ಮಾಡ್ತೀಯಾ ಅಂತ ಕೇಳಿದಳಂತೆ. ಅದು ಅವರ ತರಬೇತಿಯ ಭಾಗವೋ ಅವಳ ಸ್ವಂತ ಬುದ್ಧಿಯೋ, ಯಾವುದಾದರೂ ಸರಿ, ನನ್ನ ಲೆಕ್ಕದಲ್ಲಿ ಆ ಹಡಗಿನ ಅತ್ಯುತ್ತಮ ಉದ್ಯೋಗಿ ಅವಳೇ. ಮಾತಾಡಲು ಬಾರದವರ ಕೈಗೆ ಒಂದು ಕೆಲಸ ಕೊಟ್ಟರೆ ಮಾತು ತಾನಾಗೇ ಬರುತ್ತದೆ.

ವಾಪಸ್ ಬರಲು ಭಾವ ಕೊಟ್ಟ ಗಡುವು ಹನ್ನೊಂದೂವರೆ. ಜೊತೆಗೆ ಇನ್ನೆರಡು ನಿಯಮ: ಯಾರ ಕ್ಯಾಬಿನ್ನಿಗೂ ಹೋಗುವಂತಿಲ್ಲ, ಯಾರನ್ನೂ ನಮ್ಮ ಕ್ಯಾಬಿನ್ನಿಗೆ ಕರೆತರುವಂತಿಲ್ಲ. (ಇದು ಗಟ್ಟಿ ನಿಯಮವಾಗಿರಲಿ. ಕ್ಲಬ್ಬಿನಲ್ಲಿ ನೋಡಿಕೊಳ್ಳುವವರಿದ್ದಾರೆ, ಕಾರಿಡಾರಿನಲ್ಲಿ ಕ್ಯಾಮೆರಾ ಇದೆ, ಮುಚ್ಚಿದ ಬಾಗಿಲ ಹಿಂದೆ ಎರಡೂ ಇಲ್ಲ.) ಹನ್ನೊಂದೂವರೆ ಆಯಿತು, ಮುಕ್ಕಾಲಾಯಿತು. ಭಾವ ಕಾಫಿಗೆ ಅಂತ ಎರಡು ಸಲ ಆ ಮಹಡಿಗೆ ಹೋಗಿ ಬಂದರು. ಅವರು ಕಾಫಿ ಕುಡಿಯುವುದಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತರು, ನಾನೂ ಪಕ್ಕದಲ್ಲಿ ಕೂತೆ. ಹನ್ನೆರಡೂ ಹತ್ತಕ್ಕೆ ಮೇಲಿನಿಂದ ನಗು ಕೇಳಿಸಿತು. ಮೂವರು ಹುಡುಗಿಯರು ರೇಲಿಂಗ್ ಹಿಡಿದುಕೊಂಡು, ಏನನ್ನೋ ಹೇಳಲಾರದಷ್ಟು ನಗುತ್ತಾ ಇಳಿದು ಬಂದರು. ನಡುವಿನವಳು ನಮ್ಮವಳು. ಅಪ್ಪನನ್ನು ನೋಡಿ ಗಕ್ಕನೆ ನಿಂತಳು. ಭಾವ ವಾಚ್ ನೋಡಿಕೊಂಡರು, ಎದ್ದರು, "ನಡಿ, ಮಲ್ಕೋ" ಅಂದರು ಅಷ್ಟೇ. ಬೆಳಗ್ಗೆ ತಿಂಡಿಗೆ ಕೂತಾಗ ಗಡುವು ಹನ್ನೆರಡಕ್ಕೆ ಬದಲಾಗಿತ್ತು. ಯಾರೂ ಕಾರಣ ಕೇಳಲಿಲ್ಲ.

ಹೀಗೆ ಒಂದು ಸಮಸ್ಯೆ ತಗ್ಗಿದ ಹೊತ್ತಿಗೆ ಇನ್ನೆರಡು ತಲೆ ಎತ್ತಿದ್ದವು. ಒಂದು ಅಮ್ಮನದು. ಮಂಗಳವಾರ ಇಡೀ ದಿನ ಹಡಗು ಸಮುದ್ರದಲ್ಲೇ. ಮಧ್ಯಾಹ್ನದ ಊಟಕ್ಕೆ ಮೇಜಿನಲ್ಲಿ ಎರಡು ಕುರ್ಚಿ ಖಾಲಿ. ಮೊಮ್ಮಗಳು ಹೊಸ ಗೆಳತಿಯರ ಜೊತೆ ಪಿಜ್ಜಾ ತಿನ್ನುತ್ತಿದ್ದಳು, ಡಲ್ಲಾಸ್ ಹುಡುಗನೂ ಅವನ ಕ್ಲಬ್ಬಿನಲ್ಲಿ. "ನಾನು ಇಷ್ಟು ದೂರ ಬಂದಿದ್ದು ಇವುಗಳ ಮುಖ ನೋಡೋಕೆ. ಸಮುದ್ರ ನೋಡೋದಾದ್ರೆ ಮಂಗಳೂರಿಗೆ ಹೋಗಿದ್ರೆ ಆಗ್ತಿತ್ತು" ಅಂದರು ಅಮ್ಮ. ಅಕ್ಕನ ಮುಖ ಸಪ್ಪಗಾಯಿತು. ಅವಳ ಪಾಡೂ ನನಗೆ ಗೊತ್ತು. ಅವಳೂ ಭಾವನೂ ಇಬ್ಬರೇ ಕೂತು ಊಟ ಮಾಡಿ ಎಷ್ಟು ವರ್ಷ ಆಗಿತ್ತೋ. ಹಿಂದಿನ ರಾತ್ರಿ ಮಕ್ಕಳೆಲ್ಲ ಕ್ಲಬ್ಬಿಗೆ ಹೋದ ಮೇಲೆ ಇಬ್ಬರೂ ಡೆಕ್ಕಿನಲ್ಲಿ ಒಂದು ತಾಸು ಸುಮ್ಮನೆ ನಡೆದಾಡಿದ್ದರಂತೆ.

ಕೊನೆಗೆ ದಾರಿ ಹೇಳಿದವರೂ ಅಮ್ಮನೇ. ರಾತ್ರಿ ಊಟಕ್ಕೆ ಆರು ಗಂಟೆಗೆ ಏಳೂ ಜನ ಕೂತಿರಬೇಕು, ಆಮೇಲೆ ಯಾರು ಎಲ್ಲಿಗಾದರೂ ಹೋಗಲಿ. ಹಗಲಿನ ಮಾತಿಗೆ ಅಕ್ಕ ಕ್ಯಾಬಿನ್ ಬಾಗಿಲಿಗೆ ಮ್ಯಾಗ್ನೆಟ್‌ನಲ್ಲಿ ಒಂದು ಪುಟ್ಟ ವೈಟ್‌ಬೋರ್ಡ್ ಅಂಟಿಸಿದಳು. ಬಾಗಿಲು, ಗೋಡೆ ಎಲ್ಲ ಲೋಹದ್ದೇ, ಚೆನ್ನಾಗಿ ಅಂಟುತ್ತದೆ. ಹಡಗಿನ ಆ್ಯಪ್‌ನಲ್ಲಿ ಚಾಟ್ ಇತ್ತು, ಆದರೆ ಅಮ್ಮ ಓದಿದ್ದು ಬೋರ್ಡನ್ನೇ. ಬುಧವಾರದ ಹೊತ್ತಿಗೆ ಮೊಮ್ಮಗಳು ಅದರಲ್ಲಿ ಕನ್ನಡದಲ್ಲಿ ಬರೆಯತೊಡಗಿದ್ದಳು: "ಅಜಿ, ನಾನು ಪೂಲ್." ಒತ್ತಕ್ಷರ ತಪ್ಪಿತ್ತು. ಅಮ್ಮ ಪಕ್ಕದಲ್ಲೇ ಸರಿಯಾಗಿ ಬರೆದಿಟ್ಟರು.

ಇನ್ನೊಂದು ಸಮಸ್ಯೆ ಚಿಕ್ಕವನದು. ಮಕ್ಕಳ ಕ್ಲಬ್ ಕೆಟ್ಟದ್ದೇನೂ ಆಗಿರಲಿಲ್ಲ. ವಿಜ್ಞಾನದ ಪ್ರಯೋಗ, ಚಿತ್ರ, ಓಡಾಟದ ಆಟ ಎಲ್ಲ ಇತ್ತು. ಅಪ್ಪ ಅಮ್ಮ ಬರೆದುಕೊಟ್ಟರೆ ಅವನ ವಯಸ್ಸಿನವರು ತಾವೇ ಸಹಿ ಮಾಡಿ ಹೊರಗೂ ಹೋಗಬಹುದಿತ್ತು. ಆದರೆ ಅಣ್ಣನಂತಿದ್ದವನು ಎರಡು ಮಹಡಿ ಮೇಲಿದ್ದಾನಲ್ಲ! ಅವನು ಬಫೆ ಹಾಲಿನಲ್ಲಿ ಅಜ್ಜಿಯ ಪಕ್ಕ ಮುಖ ಊದಿಸಿಕೊಂಡು ಕೂತ. ಅಮ್ಮ ಸಮಾಧಾನ ಹೇಳುವ ಜಾತಿಯವರಲ್ಲ. ಒಂದು ಕಾಗದ ತಂದು ಐದು ಅಡ್ಡ ಐದು ಉದ್ದ ಮನೆ ಗೀಚಿದರು. ಅಕ್ಕನ ಚೀಲದಲ್ಲಿದ್ದ ಪಿಸ್ತಾದ ನಾಲ್ಕು ಸಿಪ್ಪೆ ಕವಡೆಯಾದವು. ಟೀ ಕೌಂಟರಿನ ಬಿಳಿ, ನೀಲಿ, ಗುಲಾಬಿ, ಹಳದಿ ಸಕ್ಕರೆ ಪೊಟ್ಟಣ ಮಡಿಸಿ ಕಾಯಿ ಮಾಡಿದರು. ಚೌಕಾಬಾರ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಹಡಗು ಸ್ವಲ್ಪ ತೂಗಿದಾಗ ಸಿಪ್ಪೆ ತಾನೇ ಮಗುಚಿಕೊಳ್ಳುತ್ತಿತ್ತು, ಅಮ್ಮ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು, ತಮಗೆ ಅನುಕೂಲವಾದರೆ ಮಾತ್ರ. ಪಕ್ಕದ ಮೇಜಿನ ಏಳೆಂಟು ವರ್ಷದ ಹುಡುಗಿ ಬಂದು ನಿಂತಳು, ಅವಳ ತಾತನೂ ಬಂದರು. ಡಲ್ಲಾಸ್ ಹುಡುಗ ಟೀನ್ ಕ್ಲಬ್ಬಿನ ಇಬ್ಬರನ್ನು ಕರೆತಂದು ಒಂದಾಟ ಆಡಿ ಹೋದ. ಹೋದ, ಉಳಿಯಲಿಲ್ಲ. ಚಿಕ್ಕವನು ಅವರು ಮೆಟ್ಟಿಲು ಹತ್ತುವವರೆಗೂ ನೋಡುತ್ತಿದ್ದ.

ಬುಧವಾರ ಪ್ರೊಗ್ರೆಸೊ. ಅಲ್ಲಿ ಸಮುದ್ರ ಆಳವಿಲ್ಲ, ಹಾಗಾಗಿ ದಡದಿಂದ ಸುಮಾರು 6.5 ಕಿಲೋಮೀಟರ್ ಉದ್ದದ ಧಕ್ಕೆ ಕಟ್ಟಿ ಹಡಗನ್ನು ದೂರದಲ್ಲೇ ನಿಲ್ಲಿಸುತ್ತಾರೆ. ಊರಿಗೆ ಬಸ್ಸಿನಲ್ಲಿ ಹೋಗಬೇಕು, ಎರಡೂ ಕಡೆ ನೀರು. ಬಂದರಿನ ದಿನಗಳಲ್ಲಿ ಕ್ಲಬ್‌ಗಳು ಖಾಲಿ ಹೊಡೆಯುತ್ತವೆ, ಮಕ್ಕಳೆಲ್ಲ ನಮ್ಮ ಜೊತೆಗೇ ಇದ್ದರು. ಬಿಸಿಲು ವಿಪರೀತ, ಬೇಗ ವಾಪಸಾದೆವು.

ಗುರುವಾರ ಕೊಜುಮೆಲ್ ದ್ವೀಪ, ಮತ್ತು ಹುಟ್ಟುಹಬ್ಬ. ಬೆಳಗ್ಗೆ ಎಂಟಕ್ಕೇ ಚಿಕ್ಕವನು ನನ್ನ ಕ್ಯಾಬಿನ್ ಬಾಗಿಲು ತಟ್ಟಿದ. "ಮಾಮ, ಬಾ. ಈಗ ನಂಗೆ ಟ್ವೆಲ್ವ್." ಇಬ್ಬರೂ ಕೌಂಟರಿಗೆ ಹೋದೆವು. ಅಲ್ಲಿದ್ದವರು ಶುಭಾಶಯ ಹೇಳಿದರು, ಒಂದು ಬ್ಯಾಡ್ಜ್ ಕೊಟ್ಟರು, ನಿಯಮವನ್ನು ನಗುನಗುತ್ತಲೇ ವಿವರಿಸಿದರು. ಹೊರಟ ದಿನದ ವಯಸ್ಸು ಅಂದರೆ ಹೊರಟ ದಿನದ ವಯಸ್ಸು. ನನಗೆ ಸಿಟ್ಟು ಬಂತು. ಒಂದು ದಿನಕ್ಕೆ ಬಿಟ್ಟರೆ ನಾಳೆ ಹತ್ತು ಜನ ಬರುತ್ತಾರೆ ಅನ್ನುವುದೂ ಗೊತ್ತಿತ್ತು. ಹತ್ತು ವರ್ಷದವರ ತಾಯಂದಿರು ಆ ಗಡಿಯನ್ನು ನಂಬಿಯೇ ತಾನೇ ಮಕ್ಕಳನ್ನು ಬಿಟ್ಟುಹೋಗುವುದು. ಆದರೂ ಅವನು ಕೈಯಲ್ಲಿದ್ದ ಬ್ಯಾಂಡನ್ನು ತಿರುಗಿಸುತ್ತಾ ನಿಂತದ್ದನ್ನು ನೋಡಿದರೆ ಯಾವ ತರ್ಕವೂ ರುಚಿಸುವುದಿಲ್ಲ.

ಅವತ್ತು ಸಂಜೆ ಆರರ ಊಟಕ್ಕೆ ಕೇಕ್ ಬಂತು. ಊಟ ಆದ ಮೇಲೆ ಡಲ್ಲಾಸ್ ಹುಡುಗ ಎದ್ದು ಹೋಗಲಿಲ್ಲ. ಅವನ ಕ್ಲಬ್ಬಿನಲ್ಲಿ ಅವತ್ತು ಹೆಡ್‌ಫೋನ್ ಹಾಕಿ ಕುಣಿಯುವ ಸೈಲೆಂಟ್ ಡಿಸ್ಕೋ ಇತ್ತು, ದಿನವಿಡೀ ಅದರದ್ದೇ ಮಾತಾಗಿತ್ತು. ಇಬ್ಬರೂ ಮಿನಿ ಗಾಲ್ಫ್ ಆಡಲು ಮೇಲಿನ ಡೆಕ್ಕಿಗೆ ಹೋದರು, ಹನ್ನೊಂದರವರೆಗೂ ಬರಲಿಲ್ಲ. ಯಾರು ಹೇಳಿಕೊಟ್ಟರೋ, ಅಥವಾ ಅವನಿಗೇ ಅನ್ನಿಸಿತೋ, ಕೇಳಲು ಹೋಗಲಿಲ್ಲ.

ಶುಕ್ರವಾರ ಚಿಕ್ಕವನು ತಾನಾಗೇ ಮಕ್ಕಳ ಕ್ಲಬ್ಬಿಗೆ ಹೋದ. ಅಲ್ಲಿ ಈಗ ಎಲ್ಲರಿಗಿಂತ ದೊಡ್ಡವನು ಅವನೇ, ಕೊನೆಯ ದಿನದ ಆಟಕ್ಕೆ ಒಂದು ತಂಡದ ನಾಯಕ ಮಾಡಿದ್ದರು. ಅಕ್ಕನ ಮಗಳು ಆ ರಾತ್ರಿ ಅತ್ತಳು. ಗೆಳತಿಯರಲ್ಲಿ ಒಬ್ಬಳ ಊರು ಒಕ್ಲಹೋಮದಲ್ಲಿ, ಇನ್ನೊಬ್ಬಳದು ಲೂಸಿಯಾನದಲ್ಲಿ. ಐದು ದಿನಕ್ಕೆ ಇಷ್ಟು ಅಳುವುದಾ ಅಂದರು ಭಾವ. ಅಮ್ಮ ಅವರನ್ನು ಸುಮ್ಮನಿರಿಸಿ, ಅವಳನ್ನು ತಮ್ಮ ಕ್ಯಾಬಿನ್ನಿನಲ್ಲೇ ಮಲಗಿಸಿಕೊಂಡರು.

ಶನಿವಾರ ಗ್ಯಾಲ್ವೆಸ್ಟನ್‌ನಿಂದ ವಾಪಸ್ ಬರುವಾಗ ಸಿಗ್ನಲ್ ಸಿಕ್ಕಿದ ಕ್ಷಣದಿಂದ ಅವಳ ಫೋನ್ ಗುಂಯ್ ಅನ್ನುತ್ತಲೇ ಇತ್ತು. ಹಿಂದಿನ ಸೀಟಿನಲ್ಲಿ ಹುಡುಗರಿಬ್ಬರೂ ಅಕ್ಕನ ಎಕ್ಸೆಲ್ ಶೀಟ್ ತೆರೆದು ಕೂತಿದ್ದರು. ಚಿಕ್ಕವನು ಬೆರಳು ಮಡಿಸಿ ಎಣಿಸುತ್ತಿದ್ದ.

"ಅಮ್ಮಾ, ಡಿಸೆಂಬರ್‌ನಲ್ಲಿ ಹೋದ್ರೆ ನಾವಿಬ್ರೂ ಟ್ವೆಲ್ವೇ, ಯಾವ ಹಡಗಾದ್ರೂ ಓಕೆ. ಮಾರ್ಚ್ ರಜೆ ಆದ್ರೆ ನಾರ್ವೀಜಿಯನ್ ಬುಕ್ ಮಾಡ್ಬೇಡ. ಅಲ್ಲಿ ಅವ್ನು ಮಾತ್ರ ಟೀನ್."